ಗಾಜಿನ ಮಣೆ

ನಮ್ಮ ಮನೆಗೆ ಫ್ಯಾಟ್ ಎಂಬ ಮಾತನ್ನು ತಂದವಳು ನಾನಲ್ಲ, ಹಸು. ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲೇ ಅದು ಹಾಲಿನ ಡೈರಿಯಿಂದ ನಡೆದುಕೊಂಡು ಬಂದು ಮನೆಯಲ್ಲಿ ಕೂತಿತ್ತು. ಸಂಜೆ ಹಾಲು ಹಾಕಿ ಬಂದ ಅತ್ತೆ ಕ್ಯಾನು ಕೆಳಗಿಡುವ ಮೊದಲೇ "ಇವತ್ತು ಫ್ಯಾಟು ನಾಕು ಬಂತು ಕಣಮ್ಮ" ಎಂದು ಬಾಗಿಲಿಂದಲೇ ಕೂಗುತ್ತಿದ್ದರು. ಹಾಲಿನ ಕೊಬ್ಬಿನ ಮೇಲೆ ಡೈರಿಯ ರೇಟು, ಫ್ಯಾಟ್ ಹೆಚ್ಚು ಬಂದ ದಿನ ಮನೆಯಲ್ಲಿ ನಗು. ಕಮ್ಮಿ ಬಂದರೆ ಮೊದಲು ಬೂಸಾ ಮಾರಿದವನಿಗೆ ಬೈಗುಳ, ಆಮೇಲೆ ಡೈರಿಯ ಮಿಷಿನ್ನಿಗೆ. ಹಸುವನ್ನು ಮಾತ್ರ ಯಾರೂ ಬೈಯುತ್ತಿರಲಿಲ್ಲ.

ನಮ್ಮೂರು ತೂಬಗೆರೆ ಕಡೆ. ವಿಮಾನಗಳು ನಮ್ಮ ಹೊಲದ ಮೇಲೆ ಹಾದು ಇಳಿಯುವುದಕ್ಕೆ ಶುರುವಾಗಿ ಆಗಲೇ ಎಷ್ಟೋ ವರ್ಷವಾಗಿತ್ತು, ಹಸುಗಳು ಕೂಡ ತಲೆ ಎತ್ತಿ ನೋಡುವುದನ್ನು ಬಿಟ್ಟಿದ್ದವು. ನನಗೆ ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ನನ್ನ ಗಂಡನಿಗೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು. ಮಾವ ತೀರಿಕೊಂಡ ಮೇಲೆ ಎರಡು ಹಸು, ಒಂದಿಷ್ಟು ರಾಗಿ ಹೊಲ, ಸ್ಕೂಲಿಗೆ ಹೋಗುವ ನನ್ನ ಮಗಳು, ಇಷ್ಟನ್ನೂ ನೋಡಿಕೊಳ್ಳುತ್ತಿದ್ದವರು ಅತ್ತೆ. ನಾನು ದಿನವಿಡೀ ಕೂತು ದಪ್ಪಗಾದೆ. ಅವರು ದಿನವಿಡೀ ನಿಂತು ಗಟ್ಟಿಯಾಗಿದ್ದರು.

ಆಫೀಸಿನಲ್ಲಿ ಒಮ್ಮೆ ಆರೋಗ್ಯ ತಪಾಸಣೆ ನಡೆಯಿತು. ನನ್ನ ರಿಪೋರ್ಟು ನೋಡಿದ ಡಾಕ್ಟರು, "ಶುಗರ್ ಬಾರ್ಡರ್‌ನಲ್ಲಿದೆ, ಮೈಯ ಕೊಬ್ಬು ಇಳಿಸಿ" ಎಂದರು. ಅವರು ಸಲೀಸಾಗಿ ಹೇಳಿದರು, ನನ್ನ ಜೀವ ಅಲ್ಲೇ ಹಾರಿಹೋಯಿತು. ನಮ್ಮಪ್ಪನಿಗೆ ಶುಗರ್ ಇತ್ತು. ಮೊದಲು ಕಾಲಿನ ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಅಪ್ಪನನ್ನೇ ಕಳಕೊಂಡೆವು. ನನಗೆ ನನ್ನ ಕಾಲು ಬೇಕಿತ್ತು. ಅರವತ್ತು ಕಿಲೋಗೆ ಇಳಿಯಬೇಕು ಎಂದು ಅವತ್ತೇ ತೀರ್ಮಾನ ಮಾಡಿಕೊಂಡು, ಕ್ಯಾಬಿನಲ್ಲಿ ಬರುವಾಗಲೇ ಫೋನಿನಲ್ಲಿ ಕೊಬ್ಬು ಅಳೆಯುವ ಮಿಷಿನ್ನೊಂದನ್ನು ತರಿಸಿದೆ. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ "ಅರವತ್ತು, ಅರವತ್ತು" ಎಂದು ಜಪ ಮಾಡತೊಡಗಿದೆ.

ಡಬ್ಬ ಬಿಚ್ಚಿದಾಗ ಅತ್ತೆ ಪಕ್ಕದಲ್ಲೇ ಕೂತಿದ್ದರು. "ಇದೇನಮ್ಮಾ, ಗಾಜಿನ ಮಣೆ?" ಎಂದರು. ನೋಡುವುದಕ್ಕೆ ಹಾಗೇ ಇತ್ತು. ಕಪ್ಪು ಗಾಜು, ಮೂಲೆಗೊಂದರಂತೆ ನಾಲ್ಕು ಉಕ್ಕಿನ ಬಿಲ್ಲೆ. ಬರಿಗಾಲಲ್ಲಿ ಆ ಬಿಲ್ಲೆಗಳ ಮೇಲೆ ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಯುತ್ತದೆ. ನೀರಿರುವ ಕಡೆ ಅದು ಸಲೀಸಾಗಿ ದಾಟುತ್ತದೆ, ಕೊಬ್ಬಿರುವ ಕಡೆ ತಡೆಯುತ್ತದೆ. ಆ ತಡೆಯನ್ನು ನೋಡಿ, ನಾವು ಫೋನಿನಲ್ಲಿ ಕೊಟ್ಟ ವಯಸ್ಸು, ಎತ್ತರ ಸೇರಿಸಿ ಮಿಷಿನ್ನು ಒಂದು ಲೆಕ್ಕ ಹೇಳುತ್ತದೆ. ಕಣ್ಣಲ್ಲಿ ಕಂಡು ಹೇಳುವುದಿಲ್ಲ, ಅಂದಾಜು ಮಾಡುತ್ತದೆ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಅವತ್ತು ಅದು ಹೇಳಿದ್ದೇ ವೇದವಾಗಿತ್ತು.

ನಾನು ಹತ್ತಿದೆ. ತೂಕ ಅರವತ್ತೆಂಟು. ಫೋನಿನಲ್ಲಿ ಫ್ಯಾಟ್ ಮೂವತ್ತೆಂಟು ಎಂದು ಬಂತು. ನಾನು ಅದನ್ನು ಬಾಯಿ ಬಿಟ್ಟು ಓದಿದ್ದೇ ತಪ್ಪಾಯಿತು.

"ಅಯ್ಯೋ ಶಿವನೇ, ಮೂವತ್ತೆಂಟಾ! ಎಮ್ಮೆಗೂ ಬರಾಕಿಲ್ಲ ಕಣಮ್ಮ ಇಷ್ಟು! ಡೈರಿಗೆ ಹಾಕಿದ್ರೆ ಏನು ರೇಟು ಸಿಗ್ತಿತ್ತೋ!" ಎಂದು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನ್ನ ಗಂಡ ಗೋಡೆಗೆ ಒರಗಿ ಕೆಮ್ಮು ಬರುವಷ್ಟು ನಕ್ಕ. ನಾನೂ ನಗಬೇಕಿತ್ತು. ಮುಖ ಊದಿಸಿಕೊಂಡು ಒಳಗೆ ಹೋದೆ.

ಸಿಟ್ಟು ಇಳಿದ ಮೇಲೆ ತಮಾಷೆಗೆ ಅತ್ತೆಯನ್ನೂ ಹತ್ತಿಸಿದೆ. ಅವರು ಸುಮ್ಮನೆ ಹತ್ತಲಿಲ್ಲ. ಹಿತ್ತಿಲಿಗೆ ಹೋಗಿ ಕಾಲು ತೊಳೆದು ಬಂದರು, ಬಗ್ಗಿ ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, "ಕಾಲು ಇಡ್ತಾ ಇದೀನಿ, ತಪ್ಪು ತಿಳ್ಕೋಬೇಡಪ್ಪ" ಎಂದು ಅದಕ್ಕೇ ಹೇಳಿ ಮೇಲೆ ನಿಂತರು. ತೂಕ ಅರವತ್ತೈದು ಎಂದಿತು. ಫ್ಯಾಟ್ ಎಷ್ಟೆಂದು ಅದಕ್ಕೆ ಹೇಳಲಾಗಲಿಲ್ಲ, ಬರೀ ಗೆರೆ ತೋರಿಸಿತು. ಗದ್ದೆ ಒಡೆದಂತೆ ಒಡೆದ ಅವರ ಹಿಮ್ಮಡಿಯ ದಪ್ಪ ಚರ್ಮ ದಾಟಿ ಕರೆಂಟು ಒಳಗೆ ಹೋಗಬೇಡವೇ? "ನೋಡು, ನನ್ನ ಹತ್ರ ಫ್ಯಾಟೇ ಇಲ್ಲ!" ಎಂದು ಅವರು ಗೆದ್ದವರಂತೆ ಇಳಿದರು. ನನ್ನ ಮೆತ್ತಗಿನ ಪಾದ ಒಂದೇ ಕ್ಷಣಕ್ಕೆ ಎಲ್ಲ ಒಪ್ಪಿಸಿಬಿಡುತ್ತಿತ್ತು. ದಿನವಿಡೀ ಶೂ ಒಳಗೆ ಬೆಚ್ಚಗಿರುವ ಪಾದ ಅದು.

ಆಮೇಲಿನ ದಿನಗಳನ್ನು ನೆನೆದರೆ ನನಗೇ ಅಸಹ್ಯ. ರಾತ್ರಿ ಸೌತೆಕಾಯಿ, ಬೆಳಿಗ್ಗೆ ಓಟ್ಸು. ಎದ್ದ ಕೂಡಲೇ ಮಣೆ ಹತ್ತುವುದು, ಇಳಿದು ಸಿಡುಕುವುದು. ಒಂದು ವಾರ ಬಾಯಿ ಕಟ್ಟಿದ ಮೇಲೂ ಒಂದು ಬೆಳಿಗ್ಗೆ ತೂಕ ಇಳಿಯುವ ಬದಲು ಏರಿತ್ತು. ಹಿಂದಿನ ದಿನದ ಉಪ್ಪಿನಕಾಯಿಗೆ ಮೈ ನೀರು ಹಿಡಿದಿರುತ್ತದೆ, ತಿಂಗಳ ದಿನ ಹತ್ತಿರ ಬಂದರೂ ಹಾಗಾಗುತ್ತದೆ, ಅದು ಕೊಬ್ಬಲ್ಲ ಎಂಬುದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ತಲೆ ಕೆಟ್ಟುಹೋಗಿತ್ತು. ಅದೇ ಹೊತ್ತಿಗೆ ಅತ್ತೆ ಬಿಸಿ ರಾಗಿರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ತಂದರು.

"ಒಂದೇ ಒಂದು ತಿನ್ನು ಮಗ, ಬರೀ ಹೊಟ್ಟೇಲಿ ಅಷ್ಟು ದೂರ ಹೋಗ್ತೀಯ."

ನಾನು ತಟ್ಟೆಯನ್ನು ದೂರ ತಳ್ಳಿದೆ. "ಹಿಂಗೇ ತಿನ್ನಿಸಿ ತಿನ್ನಿಸಿ ಅಲ್ವಾ ಅತ್ತೆ ನನ್ನ ಈ ಗತಿಗೆ ತಂದಿದ್ದು? ಬಾಣಂತನದಲ್ಲಿ ತುಪ್ಪ ಸುರಿದ್ರಿ, ಕೊಬ್ರಿ ಉಂಡೆ ತುರುಕಿದ್ರಿ. ಈ ಕೊಬ್ಬೆಲ್ಲ ನಿಮ್ಮ ಕೈದೇ!"

ನನ್ನ ತಾಯಿ ನನ್ನ ಮದುವೆಗೆ ಮೊದಲೇ ಹೋಗಿದ್ದಳು. ಹೆರಿಗೆಗೆ ಹೋಗಲು ತವರೆಂಬುದು ಇರಲಿಲ್ಲ. ಹಂಡೆ ನೀರು ಕಾಯಿಸಿ, ಎಣ್ಣೆ ತಿಕ್ಕಿ, ಸೊಂಟಕ್ಕೆ ಬಟ್ಟೆ ಬಿಗಿದು, ಮಗು ಅತ್ತರೆ ನನಗಿಂತ ಮೊದಲು ಎದ್ದು, ಮೂರು ತಿಂಗಳು ತಾಯಿಯ ಕೆಲಸ ಮಾಡಿದವರು ಈ ಅತ್ತೆ. ಅವರಿಗೆ ನಾನು ಆ ಮಾತು ಆಡಿದೆ. ಅವರು ಒಂದು ಗಳಿಗೆ ತಮ್ಮ ಎರಡೂ ಅಂಗೈ ನೋಡಿಕೊಂಡರು. "ಇರಬೋದು ಬಿಡು ಮಗ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ನಮ್ಮ ಕಡೆ ಸೊಸೆ ಅತ್ತೆಗೆ ಸಾರಿ ಎಂದು ಹೇಳುವ ಪದ್ಧತಿ ಇಲ್ಲ. ಸಂಜೆ ಬರುವಾಗ ಒಂದು ಕಟ್ಟು ಎಳೆ ವಿಳ್ಯದೆಲೆ ತಂದು ಅವರ ಮುಂದೆ ಇಟ್ಟೆ. ಅವರು ಒಂದು ಎಲೆಗೆ ಸುಣ್ಣ ಹಚ್ಚಿ ಹಾಕಿಕೊಂಡರು. ಅಲ್ಲಿಗೆ ಸರಿಹೋಯಿತು ಎಂದುಕೊಂಡೆ.

ಅವತ್ತು ರಾತ್ರಿ ಊಟಕ್ಕೆ ಕರೆದಾಗ "ನಾನಾಗಲೇ ಉಂಡ್ಕಂಡೆ" ಎಂದರು. ಮಾರನೇ ದಿನವೂ ಅದೇ. ಆಮೇಲೆ ಅದೇ ರೂಢಿಯಾಯಿತು. ನನಗೆ ಒಳಗೊಳಗೇ ನೆಮ್ಮದಿ. ಎದುರಿಗೆ ಒಬ್ಬರು ಅವರೆಕಾಳು ಸಾರಿಗೆ ಮುದ್ದೆ ಅದ್ದಿ ನುಂಗುತ್ತಿರುವಾಗ ಸೌತೆಕಾಯಿ ಕಡಿಯುವುದು ಸಾಮಾನ್ಯ ಶಿಕ್ಷೆಯಲ್ಲ. ಯಾಕೆ ಬೇಗ ಉಣ್ಣುತ್ತೀರಿ ಎಂದು ನಾನು ಕೇಳಲಿಲ್ಲ. ರಾತ್ರಿ ಮುದ್ದೆ ಮಾಡುವ ಪಾತ್ರೆ ಚಿಕ್ಕದಾಗಿದ್ದೂ ನನಗೆ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳು, ನೋಡಲಿಲ್ಲ.

ನಾನು ದಿನಾ ಸಿಡುಕುವುದನ್ನು ಕಂಡು ಆಫೀಸಿನ ಗೆಳತಿಯೊಬ್ಬಳು ಬುದ್ಧಿ ಹೇಳಿದಳು. ಅವಳ ಮನೆಯಲ್ಲೂ ಇಂಥದೇ ಮಿಷಿನ್ ಇತ್ತು. "ದಿನದ ನಂಬರ್ ನೋಡಿದ್ರೆ ಹುಚ್ಚು ಹಿಡಿಯುತ್ತೆ ಕಣೇ. ನೀರು ಕುಡಿದ್ರೂ ಏರುತ್ತೆ, ಬೆವರಿದ್ರೂ ಇಳಿಯುತ್ತೆ. ಮಿಷಿನ್ ಹತ್ತು, ಕೆಳಗೆ ನೋಡ್ಬೇಡ. ಫೋನಲ್ಲಿ ವಾರದ ಸರಾಸರಿ ಮಾತ್ರ ನೋಡು." ಒಳ್ಳೆಯ ಮಾತೇ. ಅವತ್ತಿನಿಂದ ನಾನು ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಣೆ ಹತ್ತಿ, ಅದನ್ನೇ ನೋಡುತ್ತಾ ಇಳಿಯತೊಡಗಿದೆ. ಅದೂ ಶಿಫ್ಟಿನ ಗಡಿಬಿಡಿಯಲ್ಲಿ ವಾರಕ್ಕೆ ಎರಡು ಬೆಳಿಗ್ಗೆ ಹತ್ತಿದರೆ ಹೆಚ್ಚು.

ಸರಾಸರಿ ಇಳಿಯತೊಡಗಿತು! ಅರವತ್ತಾರು, ಅರವತ್ತೈದು, ಅರವತ್ನಾಲ್ಕು. ಫೋನಿನ ಗೆರೆ ಒಂದೊಂದು ದಿನ ಮೇಲೆ ನೆಗೆಯುತ್ತಿತ್ತು, ಮತ್ತೆ ಕೆಳಗೆ ಬೀಳುತ್ತಿತ್ತು. ಅದು ನೀರು ಎಂದುಕೊಂಡೆ, ಅಷ್ಟು ವಿದ್ಯೆ ಕಲಿತಿದ್ದೆನಲ್ಲ. ಒಮ್ಮೊಮ್ಮೆ ಫೋನು ಇಂಗ್ಲಿಷಿನಲ್ಲಿ ಇದು ನಿಮ್ಮದೇ ತೂಕವೇ ಎಂದು ಕೇಳುತ್ತಿತ್ತು. ಕ್ಯಾಬಿನಲ್ಲಿ ತೂಕಡಿಸುತ್ತಾ ಹೌದು ಎಂದು ಒತ್ತುತ್ತಿದ್ದೆ. ನನ್ನದಲ್ಲದೆ ಇನ್ಯಾರದು? ಇಳಿದ ಸಂತೋಷಕ್ಕೆ ವಾರಕ್ಕೊಮ್ಮೆ ಬೇಕರಿಯಲ್ಲಿ ಜಾಮು ಸವರಿದ ಒಂದು ಹನಿ ಕೇಕು ತಿನ್ನುವುದು, ಅದಕ್ಕೆ ಜೊತೆಗೆ ಒಂದು ಖಾರದ ಬನ್ನು. ಯೂನಿಫಾರ್ಮಿನ ಪ್ಯಾಂಟು ಮಾತ್ರ ಮೊದಲಿನ ಹಾಗೇ ಬಿಗಿಯಾಗಿತ್ತು. ಒಗೆದು ಒಗೆದು ಕುಗ್ಗಿದೆ ಎಂದು ಬಟ್ಟೆಯನ್ನು ಬೈದೆ. ಮನಸ್ಸು ಮಾಡಿದರೆ ಮನುಷ್ಯರು ಯಾವ ಸುಳ್ಳನ್ನಾದರೂ ನಂಬುತ್ತಾರೆ.

ಒಂದು ವಿಷಯ ಮಾತ್ರ ಕಾಡುತ್ತಿತ್ತು. ತೂಕ ಇಳಿಯುತ್ತಿದೆ, ಫ್ಯಾಟಿನ ಶೇಕಡಾ ಏರುತ್ತಿದೆ. ಭಾನುವಾರ ಸೊಪ್ಪು ಬಿಡಿಸುತ್ತಾ ಅದನ್ನೇ ಗೊಣಗಿದೆ. ಅತ್ತೆ ತಲೆ ಎತ್ತದೆ ಹೇಳಿದರು:

"ಅದರಲ್ಲೇನೈತೆ? ಹಾಲು ಬತ್ತೋ ಹಸು ನೋಡು. ದಿನಾ ಹಾಲು ಕಮ್ಮಿ ಆಯ್ತದೆ, ಫ್ಯಾಟು ಏರ್ತದೆ. ಫ್ಯಾಟು ಬಂತು ಅಂತ ಹಿಗ್ಗಬಾರದು, ಹಸು ಸೊರಗ್ತಾ ಐತೆ ಅಂತ ತಿಳ್ಕಂಡು ಹಿಂಡಿ ಜಾಸ್ತಿ ಹಾಕಬೇಕು."

"ನಾನೇನು ಹಸುವಾ ಅತ್ತೆ?" ಎಂದು ನಕ್ಕೆ. ಅವರೂ ನಕ್ಕರು. ನಗುವಾಗ ಅವರ ಕತ್ತಿನ ಮೂಳೆ ಎದ್ದು ಕಂಡಿತು, ರವಿಕೆಯ ತೋಳು ಜೋಲುತ್ತಿತ್ತು. "ಯಾಕತ್ತೆ, ಇಳಿದುಹೋಗಿದ್ದೀರಿ?" ಎಂದೆ. "ವಯಸ್ಸಾಯ್ತಲ್ಲಮ್ಮ" ಎಂದರು. ನಾನು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದೆ.

ಹೀಗೆ ನಾಲ್ಕೈದು ತಿಂಗಳಾಗಿರಬೇಕು. ಒಂದು ಸಂಜೆ ಕ್ಯಾಬ್ ಇಳಿದು ಮನೆಗೆ ಬಂದರೆ ಬಾಗಿಲಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಕಾಯುತ್ತಾ ನಿಂತಿದ್ದಾರೆ. ಅತ್ತೆಯ ಜೊತೆ ದಿನಾ ಡೈರಿಗೆ ಹೋಗುವವರು.

"ನಿಮ್ಮತ್ತೆ ಡೈರಿ ಸಾಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಲು ಕಣಮ್ಮ. ಹಾಲೆಲ್ಲ ಚೆಲ್ಲಿಹೋಯ್ತು. ಈಗ ಮಲಗವ್ಳೆ." ಆಮೇಲೆ ದನಿ ತಗ್ಗಿಸಿದರು. "ಬೀಳದೆ ಇನ್ನೇನಾಯ್ತದೆ? ಮೈ ಮುರಿಯೋ ಗೇಯ್ಮೆ, ರಾತ್ರಿ ಊಟ ಇಲ್ಲ."

"ಊಟ ಇಲ್ವಾ? ನನಗಿಂತ ಮುಂಚೆ ಉಣ್ತಾರಲ್ಲ."

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರು ಹೇಳಿದ್ರು? ಮನೆದೇವರಿಗೆ ಹರಕೆ ಹೊತ್ತವ್ಳೆ. ಸೊಸೆ ಅರವತ್ತಕ್ಕೆ ಇಳಿಯೋಗಂಟ ರಾತ್ರಿ ಅನ್ನ ಮುದ್ದೆ ಮುಟ್ಟಾಕಿಲ್ಲ ಅಂತ. ನನ್ನ ಕೈಯಿಂದ ಆಗಿದ್ದು, ನಾನೇ ಕಳೀಬೇಕು ಅಂತಾಳೆ. ಯಾವ ಕೈಯೋ, ಏನು ಮಾತೋ, ನಂಗೊತ್ತಿಲ್ಲಮ್ಮ."

ನನಗೆ ಗೊತ್ತಿತ್ತು. ಹೊಸಿಲ ಮೇಲೆ ಕೂತುಬಿಟ್ಟೆ. ಕೈಯಲ್ಲಿದ್ದ ಫೋನು ಅದೇ ಹೊತ್ತಿಗೆ ಗುಂಯ್ ಎಂದಿತು. ಮನೆ ಹತ್ತಿರ ಬಂದರೆ ಹಾಗೆ ಅನ್ನುವುದು ರೂಢಿ. ನಾನಿಲ್ಲದಾಗ ಮಿಷಿನ್ನು ಕೂಡಿಟ್ಟುಕೊಂಡ ಅಳತೆ ಫೋನಿಗೆ ಇಳಿಯುತ್ತದೆ. ನಾನಿಲ್ಲದಾಗ! ಅಷ್ಟು ದಿನವೂ ಆ ಯೋಚನೆ ನನ್ನ ತಲೆಗೆ ಬಂದಿರಲಿಲ್ಲ. ತೆಗೆದು ನೋಡಿದೆ. ನನ್ನ ಹೆಸರಿನ ಕೆಳಗೆ ಹೊಸ ತೂಕ, ಐವತ್ತೊಂಬತ್ತು ಪಾಯಿಂಟ್ ಎಂಟು. ಹೊತ್ತು, ಬೆಳಿಗ್ಗೆ ಹತ್ತೂವರೆ. ಹತ್ತೂವರೆಗೆ ನಾನು ಏರ್‌ಪೋರ್ಟಿನಲ್ಲಿ ಕುರ್ಚಿಯ ಮೇಲಿದ್ದೆ.

ಹಿಂದಕ್ಕೆ ಸರಿಸುತ್ತಾ ಹೋದೆ. ದಿನಾ ಅದೇ ಹೊತ್ತು. ಕೆಳಗೆ ಇಳಿಯುತ್ತಿದ್ದ ಅಷ್ಟೂ ಚುಕ್ಕಿಗಳು ಅತ್ತೆಯವು. ನೀರು ಎಂದುಕೊಂಡಿದ್ದ ಆ ನೆಗೆತಗಳೇ ನಾನು. ಏರುತ್ತಿದ್ದ ಫ್ಯಾಟೂ ನನ್ನದೇ, ಅವರ ಹಿಮ್ಮಡಿಯಿಂದ ಅದು ಬರುತ್ತಲೇ ಇರಲಿಲ್ಲ. ಇಬ್ಬರ ತೂಕ ಮೊದಲಿಗೆ ಹತ್ತಿರ ಹತ್ತಿರ ಇದ್ದುದರಿಂದ ಮಿಷಿನ್ನಿಗೆ ನಾವು ಒಬ್ಬರೇ ಆಗಿಬಿಟ್ಟಿದ್ದೆವು. ಅದಕ್ಕೆ ಅನುಮಾನ ಬಂದು ಕೇಳಿದಾಗ ಹೌದು ಎಂದು ಒತ್ತಿದವಳು ನಾನೇ. ಅವರು ಉಪವಾಸ ಬಿದ್ದು ಕಳೆದುಕೊಂಡ ತೂಕವನ್ನು ನನ್ನದೆಂದು ಹಿಗ್ಗಿ ನಾನು ಹನಿ ಕೇಕು ತಿಂದಿದ್ದೆ. ಥೂ ನನ್ನ ಜನ್ಮಕ್ಕಿಷ್ಟು!

ಒಳಗೆ ಅತ್ತೆ ಚಾಪೆಯ ಮೇಲೆ ಮಲಗಿದ್ದರು. ಕಾಲ ಬಳಿ ಕೂತೆ. ಏನು ಕೇಳಬೇಕೋ ತಿಳಿಯದೆ, "ದಿನಾ ಆ ಮಣೆ ಹತ್ತುತೀರಾ ಅತ್ತೆ?" ಎಂದೆ.

ಅವರು ನಾಚಿಕೊಂಡರು. "ಹೂಂ ಕಣಮ್ಮ, ಬೈಬೇಡ. ಕಾಲು ತೊಳ್ಕಂಡೇ ಹತ್ತೀನಿ. ಡೈರೀಲಿ ಮಿಷಿನ್ ಮ್ಯಾಲೆ ಅನುಮಾನ ಬಂದ್ರೆ ಗೊತ್ತಿರೋ ಹಾಲು ಹಾಕಿ ನೋಡ್ತೀವಲ್ಲ, ಹಂಗೆ. ದಿನಾ ನಿನ್ನ ಅಳಿಸ್ತಾ ಇತ್ತಲ್ಲ ಅದು, ನಿಜ ಹೇಳ್ತದೋ ಸುಳ್ಳು ಹೇಳ್ತದೋ ನೋಡಾನ ಅಂತ ನಾನೇ ಹತ್ತಿದೆ."

"ಏನು ಹೇಳ್ತು?"

"ನಿಜಾನೇ ಹೇಳ್ತದೆ. ನಾನು ಇಳೀತಾ ಇದೀನಿ, ಅದೂ ಇಳಿಸೇ ತೋರಿಸ್ತದೆ."

ನನಗೆ ಅಳು ತಡೆಯಲಿಲ್ಲ. ಒಲೆ ಹಚ್ಚಿ ಮುದ್ದೆ ತೊಳಸಿದೆ, ತಟ್ಟೆ ತಂದು ಮುಂದಿಟ್ಟೆ, ಕೈ ಹಿಡಿದುಕೊಂಡು ಬೇಡಿಕೊಂಡೆ. ಅವತ್ತು ಬಾಯಿಗೆ ಬಂದಂತೆ ಆಡಿದೆ, ಮರೆತುಬಿಡಿ ಎಂದೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿನ್ನ ಮೇಲೆ ಸಿಟ್ಟಿಲ್ಲ ಮಗ. ದೇವರಿಗೆ ಹೇಳ್ಕಂಡಿದೀನಿ. ನೀನು ಅರವತ್ತಕ್ಕೆ ಬಾ, ಅವತ್ತೇ ಉಣ್ತೀನಿ. ನಿಮ್ಮಪ್ಪನ ಕಾಲು ನಾನೂ ನೋಡಿದೀನಿ." ನಾನು ಅರವತ್ತಕ್ಕೆ ಬರುವಷ್ಟರಲ್ಲಿ ಈ ಜೀವ ಉಳಿಯುವುದಿಲ್ಲ ಎಂಬುದು ಮಾತ್ರ ಕಣ್ಣ ಮುಂದೆ ಮಲಗಿತ್ತು.

ಆಗ ಫೋನು ತೆಗೆದು ಅವರ ಮುಖದ ಮುಂದೆ ಹಿಡಿದೆ.

"ನೋಡಿ ಅತ್ತೆ, ಹೇಳೋದೇ ಮರೆತಿದ್ದೆ. ಅರವತ್ತರ ಕೆಳಗೇ ಬಂದಿದೀನಿ."

ಅವರು ತಲೆದಿಂಬಿನ ಅಡಿಯಿಂದ ಕನ್ನಡಕ ತೆಗೆದು ಹಾಕಿಕೊಂಡರು. ಡೈರಿಯ ಚೀಟಿ ಓದಿ ಓದಿ ಅಂಕಿ ಅವರಿಗೆ ನೀರು ಕುಡಿದಷ್ಟು ಸಲೀಸು. ಓದಿದರು, ಮತ್ತೊಮ್ಮೆ ಓದಿದರು. ಮುಖ ಅರಳಿಬಿಟ್ಟಿತು.

"ಅಯ್ಯೋ, ಬೆಳಿಗ್ಗೆ ನಂಗೂ ಇಷ್ಟೇ ತೋರಿಸ್ತು ಕಣಮ್ಮ! ಇಬ್ರೂ ಒಂದೇ ತೂಕ ಆಗ್ಬಿಟ್ವಾ!" ಎಂದು ಫೋನನ್ನು ಕಣ್ಣಿಗೆ ಒತ್ತಿಕೊಂಡರು. ಎದ್ದು ಕೂತು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಎಷ್ಟೋ ತಿಂಗಳ ಮೇಲೆ ರಾತ್ರಿ ಮುದ್ದೆ ಮುರಿದರು. ನನ್ನ ಜೀವ ಕೈಗೆ ಬಂತು. ಎರಡನೇ ತುತ್ತು ನುಂಗಿ ಅವರು ಹೇಳಿದ ಮಾತಿಗೆ ಅದೇ ಜೀವ ಮತ್ತೆ ಬಾಯಿಗೆ ಬಂತು.

"ಇನ್ನು ತುಲಾಭಾರ ಒಂದು ಮುಗಿಸ್ಬಿಡಾನ. ನೀನು ಅರವತ್ತಾದ ಮ್ಯಾಲೆ ನಿನ್ನ ತೂಕದ ಬೆಲ್ಲ ಒಪ್ಪಿಸ್ತೀನಿ ಅಂದಿದೀನಿ."

ಮಾರನೇ ದಿನ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಕಮ್ಮಿ, ನಿಶ್ಶಕ್ತಿ, ಬೇರೇನೂ ಇಲ್ಲ, ಹೊಟ್ಟೆ ತುಂಬ ಊಟ ಮಾಡಿ ಎಂದರು. ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. "ಫೋನಿನ ಕೈಲೇನೋ ಸುಳ್ಳು ಹೇಳ್ಸಿದೆ. ದೇವಸ್ಥಾನದ ತಕ್ಕಡಿ ಕೈಲಿ ಏನು ಹೇಳ್ಸ್ತೀಯ?" ಎಂದ. ಒಂದೆರಡು ತಿಂಗಳಲ್ಲಿ ನಿಜವಾಗಿ ಇಳಿದುಬಿಡುತ್ತೇನೆ ಎಂದೆ. ಅದೂ ಆಗಲಿಲ್ಲ. ರಾತ್ರಿ ನಾನು ಉಂಡರೆ ಮಾತ್ರ ಅತ್ತೆ ಉಣ್ಣುತ್ತಿದ್ದರು. "ಇಳಿದಾಯ್ತಲ್ಲ, ಇನ್ಯಾಕೆ ಸೌತೆಕಾಯಿ?" ಎಂದು ನನ್ನ ತಟ್ಟೆಗೂ ಮುದ್ದೆ ಇಡುತ್ತಿದ್ದರು. ಅವರಿಗೆ ಎರಡು ತಿನ್ನಿಸಲು ನಾನು ಒಂದು ತಿನ್ನಲೇಬೇಕಿತ್ತು. ಅವರ ಕೆನ್ನೆ ತುಂಬಿದ್ದು ಕಂಡು ಸಂತೋಷ, ತುಲಾಭಾರದ ದಿನ ಹತ್ತಿರ ಬಂದಂತೆ ಎದೆಯಲ್ಲಿ ಕುಟ್ಟಾಣಿ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಮತ್ತೆ ಊಟ ಬಿಡುತ್ತಾರೆ ಎಂಬ ಹೆದರಿಕೆಗೆ ಮುಚ್ಚಿಕೊಂಡೆ.

ನಮ್ಮ ಮನೆದೇವರ ಗುಡಿ ಮಧುರೆ ಕಡೆ, ಹೊಲಗಳ ನಡುವೆ. ಸೋಮವಾರ ಬೆಳಿಗ್ಗೆ ನಾವು ನಾಲ್ವರು ಆಟೋದಲ್ಲಿ ಬೆಲ್ಲದ ಮೂಟೆ ಹೇರಿಕೊಂಡು ಹೋದೆವು. ಅತ್ತೆ ತಾವೇ ಅಂಗಡಿಗೆ ಹೋಗಿ, ಮುಂದೆ ನಿಂತು ಸರಿಯಾಗಿ ಅರವತ್ತು ಕಿಲೋ ತೂಗಿಸಿ ತಂದ ಬೆಲ್ಲ. ಗುಡಿಯ ಮುಂದೆ ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿ, ಎರಡು ಮರದ ತಟ್ಟೆ, ಸರಪಳಿ. ಕರೆಂಟು ಇಲ್ಲ, ಅಂದಾಜು ಇಲ್ಲ, ವಯಸ್ಸು ಎತ್ತರ ಕೇಳುವುದಿಲ್ಲ.

ಪೂಜಾರಪ್ಪ ನನ್ನನ್ನು ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದಕ್ಕೆ ಬೆಲ್ಲದ ಅಚ್ಚು ಪೇರಿಸತೊಡಗಿದರು. ಮೂಟೆ ಖಾಲಿಯಾಯಿತು. ನನ್ನ ತಟ್ಟೆ ನೆಲ ಬಿಟ್ಟು ಮೇಲೇಳಲಿಲ್ಲ.

"ಸಾಲದಮ್ಮ. ಇನ್ನೂ ಏಳೆಂಟು ಕಿಲೋ ಬೇಕು" ಎಂದರು ಅವರು.

ಅತ್ತೆ ತಬ್ಬಿಬ್ಬಾದರು. ಆಮೇಲೆ ಮುಖ ಕೆಂಪಾಯಿತು. "ಅವನ ಮನೆ ಹಾಳಾಗ! ದೇವರ ಬೆಲ್ಲ ಅಂದ್ರೂ ತೂಕದಲ್ಲಿ ಹೊಡೆದವ್ನೆ. ಇಷ್ಟು ವರ್ಷ ಅವನ ಹತ್ರಾನೇ ತಗಂಡಿದೀನಿ. ಫೋನ್ ಹಚ್ಚೋ, ಕೇಳ್ತೀನಿ ಅವನ್ನ" ಎಂದು ನನ್ನ ಗಂಡನ ಕಡೆ ತಿರುಗಿದರು. ಆ ಅಂಗಡಿಯವನು ಹಬ್ಬಕ್ಕೆ ನನ್ನ ಮಗಳ ಕೈಗೆ ಕಲ್ಲುಸಕ್ಕರೆ ಕೊಟ್ಟು ಕಳಿಸುವ ಮನುಷ್ಯ. ಗಂಡ ನನ್ನ ಮುಖ ನೋಡಿದ.

"ಬೇಡಿ ಅತ್ತೆ, ಬೆಲ್ಲ ಸರಿಯಾಗೇ ಇದೆ" ಎಂದೆ. "ಜಾಸ್ತಿ ಇರೋಳು ನಾನು. ನಾನು ಇಳಿದೇ ಇಲ್ಲ. ಅವತ್ತು ಫೋನಲ್ಲಿ ತೋರಿಸಿದ್ದು ನಿಮ್ಮ ತೂಕ."

"ನನ್ನದಾ?"

"ನೀವು ದಿನಾ ಹತ್ತಿದ್ದು ನನ್ನ ಹೆಸರಲ್ಲಿ ಬರ್ತಿತ್ತು. ನೀವು ಉಣ್ಣಲಿ ಅಂತ ಸುಳ್ಳು ಹೇಳಿದೆ. ತಪ್ಪಾಯ್ತು ಅತ್ತೆ. ಅವತ್ತು ಆ ರೊಟ್ಟಿ ತಳ್ಳಿದ್ದೂ ತಪ್ಪಾಯ್ತು."

ತಟ್ಟೆಯಿಂದ ಏಳಲೂ ಆಗದೆ, ತಲೆ ಎತ್ತಲೂ ಆಗದೆ ನೆಲಕ್ಕೆ ಅಂಟಿಕೊಂಡು ಕೂತಿದ್ದೆ. ಪೂಜಾರಪ್ಪ ಹೂವಿನ ಬುಟ್ಟಿ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದರು. ಅತ್ತೆ ಬೆಲ್ಲದ ರಾಶಿ ನೋಡಿದರು, ನನ್ನನ್ನು ನೋಡಿದರು, ಗರ್ಭಗುಡಿಯ ಕಡೆ ನೋಡಿದರು. ಅವರು ಬೈದುಬಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಏಳು" ಎಂದರು. ಎದ್ದೆ. "ಇದು ನನ್ನ ತೂಕದ ಬೆಲ್ಲ ಅಂದ್ರೆ ನಾನು ತಾನೇ ಕೂರಬೇಕು? ಹರಕೆ ಹಿಂಗೆ ತೀರಿಸಿದ್ದು ದೇವರಿಗೆ ಒಪ್ಪಲಿ, ಬಿಡಲಿ." ತಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು.

ತಕ್ಕಡಿ ತೂಗಾಡಿತು. ಒಂದು ಗಳಿಗೆ ಎರಡೂ ಸಮ ನಿಂತವು ಎನ್ನಿಸಿತು. ಆಮೇಲೆ ನಿಧಾನವಾಗಿ, ಅತ್ತೆ ಕೂತ ತಟ್ಟೆಯೇ ಇಳಿದು ನೆಲ ಮುಟ್ಟಿತು. ಬೆಲ್ಲ ಮೇಲೆ ನಿಂತಿತು.

"ಇದಕ್ಕೂ ಇನ್ನೆರಡು ಕಿಲೋ ಬೇಕು" ಎಂದರು ಪೂಜಾರಪ್ಪ.

ಅತ್ತೆ ಮೇಲಿದ್ದ ಬೆಲ್ಲವನ್ನು ನೋಡಿ, ಕೆಳಗಿದ್ದ ತಮ್ಮನ್ನು ನೋಡಿಕೊಂಡು, ತೋಳಿನ ಹೊಸ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ನನಗೆ ತೋರಿಸಿದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

"ನೋಡಿದ್ಯಾ? ಇದು ನಿನ್ನ ಕೈದು ಕಣಮ್ಮ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನನ್ನ ಗಂಡ ಕಮ್ಮಿ ಬಿದ್ದ ಎರಡು ಕಿಲೋ ಬೆಲ್ಲ ತರಲು ಅಂಗಡಿಗೆ ಹೋದ.